ಹೆಸರೇ ಅಪರಾಧವಾದಾಗ

ಎರಡನೆಯ ಶತಮಾನದ ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರ ಬಗ್ಗೆ ಹಬ್ಬಿದ್ದ ಸುದ್ದಿಗಳು ಒಂದೆರಡಲ್ಲ. ಅವರು ನಾಸ್ತಿಕರು, ಗುಟ್ಟಾಗಿ ಸೇರಿ ಮಗುವಿನ ಮಾಂಸ ತಿನ್ನುತ್ತಾರೆ, ದೀಪ ಆರಿಸಿ ಅಣ್ಣತಂಗಿಯೆಂಬ ಭೇದವೂ ಇಲ್ಲದೆ ಕೂಡುತ್ತಾರೆ. ಮಿನೂಸಿಯಸ್ ಫೆಲಿಕ್ಸ್ ಬರೆದ ‘ಆಕ್ಟೇವಿಯಸ್’ ಸಂವಾದದಲ್ಲಿ ಈ ಸುದ್ದಿಗೆ ವಿವರಗಳೂ ಕೂಡಿಕೊಂಡಿವೆ: ಮಗುವನ್ನು ಹಿಟ್ಟಿನಲ್ಲಿ ಮುಚ್ಚಿಟ್ಟು, ಪಂಥಕ್ಕೆ ಹೊಸದಾಗಿ ಬಂದವನಿಂದ ಅದರ ಮೇಲೆ ಏಟು ಹಾಕಿಸುತ್ತಾರಂತೆ. ಹಾಗೆ ಹೇಳುವವನು ಓದಿಕೊಂಡ ಸಜ್ಜನ. ದ್ರಾಕ್ಷಿ ಕೊಯ್ಲಿನ ರಜೆಯಲ್ಲಿ ಅವನೂ ಸೇರಿ ಮೂವರು ಗೆಳೆಯರು ಆಸ್ಟಿಯಾದ ಕಡಲತೀರದಲ್ಲಿ ಅಡ್ಡಾಡುತ್ತಾರೆ. ಹುಡುಗರು ಚಿಪ್ಪುಗಳನ್ನು ಅಲೆಯ ಮೇಲೆ ಪುಟಿಯುವಂತೆ ಎಸೆದು ಆಡುತ್ತಿದ್ದಾರೆ. ವಾದ ಶುರುವಾಗುವುದು ಅಲ್ಲಿ.

ಇಂಥ ಆರೋಪಕ್ಕೆ ಉತ್ತರ ಕೊಡುವುದು ಹೇಗೆ? ಕಾನೂನೂ ಗೊಂದಲದಲ್ಲಿತ್ತು. ಬಿಥೀನಿಯಾದ ಅಧಿಕಾರಿ ಪ್ಲಿನಿ ಸುಮಾರು 112ರಲ್ಲಿ ಚಕ್ರವರ್ತಿ ಟ್ರಾಜನ್‌ಗೆ ಕಾಗದ ಬರೆದು, ಶಿಕ್ಷೆ ಕೊಡಬೇಕಾದ್ದು ಕ್ರೈಸ್ತನೆಂಬ ಹೆಸರಿಗೋ, ಆ ಹೆಸರಿಗೆ ಅಂಟಿದ ಅಪರಾಧಗಳಿಗೋ ಎಂದು ಕೇಳಿದ. ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದರೂ ಅವನಿಗೆ ಅಪರಾಧ ಸಿಕ್ಕಿರಲಿಲ್ಲ; ಆ ಜನ ಸೇರಿ ಉಣ್ಣುತ್ತಿದ್ದದ್ದು ಎಲ್ಲರೂ ಉಣ್ಣುವ ಊಟವನ್ನೇ. ಟ್ರಾಜನ್ ಕೊಟ್ಟ ಉತ್ತರ: ಹುಡುಕಿಕೊಂಡು ಹೋಗಬೇಡ, ದೂರು ಬಂದು ಸಾಬೀತಾದರೆ ಶಿಕ್ಷಿಸು, ನಮ್ಮ ದೇವರುಗಳನ್ನು ಪೂಜಿಸಿದರೆ ಬಿಟ್ಟುಬಿಡು. 197ರಲ್ಲಿ ಕಾರ್ತೇಜಿನ ಕ್ರೈಸ್ತ ಲೇಖಕ ಟರ್ಟುಲಿಯನ್ ಈ ಆದೇಶದ ಮೇಲೆಯೇ ಹರಿಹಾಯ್ದ. ತಪ್ಪಿತಸ್ಥರಾಗಿದ್ದರೆ ಹುಡುಕಬಾರದೇಕೆ? ನಿರಪರಾಧಿಗಳಾದರೆ ಶಿಕ್ಷೆ ಏಕೆ? ಮಿಕ್ಕ ಕೈದಿಗಳನ್ನು ಒಪ್ಪಿಕೊಳ್ಳಲೆಂದು ಹಿಂಸಿಸುವವರು ಕ್ರೈಸ್ತನನ್ನು ಮಾತ್ರ ಅಲ್ಲಗಳೆಯಲೆಂದು ಹಿಂಸಿಸುವುದು ಯಾವ ನ್ಯಾಯ?

ಟರ್ಟುಲಿಯನ್‌ನ ಕಾವಿಗಿಂತ ಜಸ್ಟಿನ್‌ನ ಸಮಾಧಾನ ಮನಸ್ಸಿಗೆ ಹೆಚ್ಚು ಇಳಿಯುತ್ತದೆ. ಪ್ಯಾಲೆಸ್ಟೈನಿನ ನಿಯಾಪೊಲಿಸ್‌ನಲ್ಲಿ, ಇಂದಿನ ನಾಬ್ಲುಸ್‌ನಲ್ಲಿ ಹುಟ್ಟಿದ ಈತ ಪ್ಲೇಟೊವನ್ನು ಓದಿ ಬೆಳೆದವನು. ಸಾವಿಗೆ ಅಂಜದ ಕ್ರೈಸ್ತರನ್ನು ಕಂಡಾಗಲೇ, ಭೋಗಕ್ಕೆ ಬಿದ್ದವರು ಹೀಗೆ ಸಾವನ್ನು ಎದುರುಗೊಳ್ಳಲಾರರೆಂದು ಅವನಿಗೆ ಹೊಳೆದಿತ್ತು. ಕ್ರೈಸ್ತನಾದ ಮೇಲೂ ತತ್ತ್ವಜ್ಞಾನಿಯ ಮೇಲುಹೊದಿಕೆಯನ್ನು ಬಿಡಲಿಲ್ಲ. ಸುಮಾರು 155ರಲ್ಲಿ ಚಕ್ರವರ್ತಿ ಆಂಟೊನೈನಸ್ ಪಯಸ್‌ಗೆ ಬರೆದ ಅಹವಾಲಿನಲ್ಲಿ ಅವನು ಸಾಕ್ರಟೀಸನನ್ನೂ ಹೆರಾಕ್ಲೀಟಸನನ್ನೂ ತನ್ನವರೆಂದು ಕರೆದುಕೊಂಡ. ವಿವೇಕದಿಂದ ಬಾಳಿದವರೆಲ್ಲ ಕ್ರಿಸ್ತನಿಗೆ ಸೇರಿದವರು, ಅವರಲ್ಲಿ ಕೆಲವರಿಗೂ ನಾಸ್ತಿಕರೆಂಬ ಹೆಸರು ಬಂದಿತ್ತಲ್ಲ ಎಂಬುದು ಅವನ ವಾದ. ಪ್ಲೇಟೊ ಮೋಶೆಯಿಂದ ಎರವಲು ಪಡೆದನೆಂಬ ಅವನ ಇನ್ನೊಂದು ಮಾತು ಮಾತ್ರ ನಿಲ್ಲುವಂಥದ್ದಲ್ಲ.

ಅಹವಾಲಿನ ಜೀವಾಳ ಇರುವುದು ಕೊನೆಯ ಭಾಗದಲ್ಲಿ. ಅಲ್ಲಿ ಜಸ್ಟಿನ್ ವಾದವನ್ನು ಬದಿಗಿಟ್ಟು, ಬಾಗಿಲು ತೆರೆದು ಒಳಗೆ ತೋರಿಸುತ್ತಾನೆ. ಭಾನುವಾರ ಊರಿನವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಹೊತ್ತು ಇರುವಷ್ಟು ಓದು ನಡೆಯುತ್ತದೆ. ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ ಬರುತ್ತವೆ. ಬಾರದವರ ಪಾಲನ್ನು ಮನೆಗೇ ಮುಟ್ಟಿಸುತ್ತಾರೆ. ಉಳ್ಳವರು ತಮಗೆ ತೋಚಿದಷ್ಟು ಕೊಟ್ಟ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದಿಂದ ಬಂದವರಿಗೆ ಹೋಗುತ್ತದೆ. ನರಭಕ್ಷಕರೆಂಬ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ.

ಆದರೆ ಕೇಳುವವರಿಗೆ ಉತ್ತರವೇ ಬೇಕಾಗಿರಲಿಲ್ಲ. ಸುಮಾರು 165ರಲ್ಲಿ ಜಸ್ಟಿನ್ ಮತ್ತು ಆರು ಮಂದಿ ಸಂಗಾತಿಗಳು ನಿಂತದ್ದು ರೋಮಿನ ನಗರಾಧಿಕಾರಿ ಜೂನಿಯಸ್ ರಸ್ಟಿಕಸ್‌ನ ಮುಂದೆ. ಈತನೂ ತತ್ತ್ವಜ್ಞಾನಿ, ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ಗುರು. ಎಲ್ಲಿ ಸೇರುತ್ತೀರಿ, ಏನು ನಂಬುತ್ತೀರಿ, ಬಲಿ ಅರ್ಪಿಸುತ್ತೀರೋ ಇಲ್ಲವೋ ಎಂದು ಅವನು ಕೇಳಿದ. ಮಗುವಿನ ಮಾಂಸದ ಪ್ರಸ್ತಾಪವೇ ಆ ನಡಾವಳಿಯಲ್ಲಿ ಇಲ್ಲ. ಹೆಸರು ಒಪ್ಪಿಕೊಂಡು ಬಲಿಗೆ ಒಲ್ಲೆವೆಂದದ್ದೇ ಸಾಕಾಯಿತು, ಏಳು ಜನರ ತಲೆ ಹೋಯಿತು.

ಸುಮಾರು ಹನ್ನೆರಡು ವರ್ಷಗಳಾಚೆ ಕ್ರೈಸ್ತ ತತ್ತ್ವಜ್ಞಾನಿ ಅಥೆನಾಗೊರಸ್ ಅದೇ ಮಾರ್ಕಸ್ ಅರೇಲಿಯಸ್‌ಗೆ ಇನ್ನೊಂದು ಅಹವಾಲು ಬರೆದ: ಕಣದಲ್ಲಿ ಮನುಷ್ಯರು ಸಾಯುವುದನ್ನು ನೋಡಲೂ ಒಲ್ಲದ ನಾವು ಕೊಂದು ತಿನ್ನುತ್ತೇವೆಯೆ?

ಗಾಳಿಸುದ್ದಿಗಿಂತ ಗಟ್ಟಿಯಾದ ಎದುರಾಳಿ ಗ್ರೀಕ್ ತತ್ತ್ವಜ್ಞಾನಿ ಸೆಲ್ಸಸ್. ಪಿಂಜಾರರು, ಚಮ್ಮಾರರು, ಅಗಸರು ಮಕ್ಕಳಿಗೂ ಹೆಂಗಸರಿಗೂ ಉಪದೇಶ ಮಾಡುವ ಧರ್ಮ ಇದು ಎಂದು ಅವನ ತಿರಸ್ಕಾರ. ಸುಮಾರು 248ರಲ್ಲಿ ಕ್ರೈಸ್ತ ವಿದ್ವಾಂಸ ಒರಿಜೆನ್ ಅವನಿಗೆ ಎಂಟು ಸಂಪುಟಗಳಲ್ಲಿ ಉತ್ತರ ಬರೆದ. ಮೊದಲು ಪೂರ್ವಪಕ್ಷದ ಮಾತನ್ನು ಸೆಲ್ಸಸ್‌ನದೇ ನುಡಿಯಲ್ಲಿ ಇಟ್ಟು ಆಮೇಲೆ ಖಂಡಿಸುವುದು ಒರಿಜೆನ್‌ನ ಕ್ರಮ. ಸೆಲ್ಸಸ್‌ನ ಮೂಲ ಗ್ರಂಥ ಕಳೆದುಹೋಗಿದೆ. ಅದರ ಬಹುಪಾಲು ಉಳಿದಿರುವುದು ಒರಿಜೆನ್‌ನ ಪುಟಗಳಲ್ಲಿ. ಎದುರಾಳಿಯನ್ನು ಪೂರ್ತಿ ಕೇಳಿಸಿಕೊಳ್ಳುವ ಈ ಧೈರ್ಯ ಆ ಧರ್ಮ ಅಧಿಕಾರಕ್ಕೆ ಬಂದ ಮೇಲೆ ಉಳಿಯಲಿಲ್ಲ. ಕ್ರೈಸ್ತರ ವಿರುದ್ಧ ತತ್ತ್ವಜ್ಞಾನಿ ಪಾರ್ಫಿರಿ ಬರೆದ ಗ್ರಂಥವನ್ನು ಸುಡಲು 448ರಲ್ಲಿ ಕ್ರೈಸ್ತ ಚಕ್ರವರ್ತಿಗಳೇ ಆಜ್ಞೆ ಹೊರಡಿಸಿದರು. ಅವನು ಏನು ಹೇಳಿದ್ದನೆಂದು ತಿಳಿಯಲು ವಿದ್ವಾಂಸರು ಇಂದು ಅವನನ್ನು ಖಂಡಿಸಿದವರ ಬರಹಗಳಲ್ಲಿ ತುಣುಕುಗಳನ್ನು ಹುಡುಕಬೇಕಾಗಿದೆ.