ಹಿತ್ತಾಳೆಯನ್ನು ಗುಜರಿಗೆ ಹಾಕುವ ಮುನ್ನ

ಕಳೆದ ಬೇಸಿಗೆಯಲ್ಲಿ ನನ್ನ ತಮ್ಮನು ತನ್ನ ಹಳೆಯ ಟಾಟಾ 207 ಪಿಕಪ್‌ನಲ್ಲಿ ಮಂಗಳೂರು ಹೆಂಚು ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದಾಗ, ಅರ್ಧ ದಾರಿಯಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಬಿರುಕುಬಿಟ್ಟಿತ್ತು. ಅದನ್ನು ಹಾಕಿಸಿ ಎರಡು ವರ್ಷವೂ ತುಂಬಿರಲಿಲ್ಲ. ಹೆಡ್ ಗ್ಯಾಸ್ಕೆಟ್ ಹೋಯಿತು, ಸಿಲಿಂಡರ್ ಹೆಡ್ ಬಾಗಿತು. ಮನೆಗೆ ಅನ್ನ ಹಾಕುವ ಗಾಡಿ ಮೂರು ವಾರ ಅಂಗಳದಲ್ಲಿ ನಿಂತಿತು. ಗ್ರಹಚಾರವೆಂದು ಮನೆಯವರೆಲ್ಲ ಸಮಾಧಾನ ಮಾಡಿಕೊಂಡರು. ನಾನು ಒಪ್ಪಲಾರೆ. ಇದು ಗ್ರಹಚಾರವಲ್ಲ, ಆಯ್ಕೆಯ ತಪ್ಪು.

ಗಾಡಿಯಲ್ಲಿ ಮೊದಲಿದ್ದುದು ತಾಮ್ರ-ಹಿತ್ತಾಳೆಯ ರೇಡಿಯೇಟರ್. ಕೆಳಗಿನ ಟ್ಯಾಂಕಿನ ಬೆಸುಗೆ ಬಿಟ್ಟು ನೀರು ಜಿನುಗುತ್ತಿತ್ತು, ಅಷ್ಟೆ. "ಇದೆಲ್ಲ ಹಳೇ ಕಾಲದ್ದು, ಬಿಸಾಕಿ" ಎಂದರು ಅಂಗಡಿಯವರು. ಯಾವ ಗಾಡಿ ಎಂದು ಕೇಳಿದರೇ ಹೊರತು ಯಾವ ದಾರಿ, ಎಷ್ಟು ಭಾರ ಎಂದು ಕೇಳಲಿಲ್ಲ. ಹಿತ್ತಾಳೆಯನ್ನು ಗುಜರಿಯ ತೂಕಕ್ಕೆ ಕೊಂಡರು. ಹೊಳೆಯುವ, ತೆಳ್ಳನೆಯ, ಅಗ್ಗದ ಒಂದನ್ನು ಕೂರಿಸಿ ಕಳುಹಿಸಿದರು.

ಇದನ್ನು ಕೇಳಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ತಾಮ್ರವೇ ಉತ್ತಮ ಉಷ್ಣವಾಹಕವೆಂದು ನೀವೇ ಕಲಿಸಿದ್ದಿರಲ್ಲ ಮೇಷ್ಟ್ರೇ" ಎಂದ. ಕಲಿಸಿದ್ದು ನಿಜ. ತಾಮ್ರದ ಉಷ್ಣವಾಹಕತೆ ಸುಮಾರು 400, ಅಲ್ಯೂಮಿನಿಯಂನದು ಸುಮಾರು 237. ಆದರೆ ಹಳೆಯ ರೇಡಿಯೇಟರಿನಲ್ಲಿ ತಾಮ್ರವಿರುವುದು ರೆಕ್ಕೆಗಳಲ್ಲಿ. ಕೊಳವೆಗಳು ಹಿತ್ತಾಳೆಯವು, ಅವನ್ನು ಕೂಡಿಸಿದ ಬೆಸುಗೆಯಂತೂ ಮಂದವಾಹಕ. ಅಗಲ ಕೊಳವೆಗಳ ಒಳ್ಳೆಯ ಅಲ್ಯೂಮಿನಿಯಂ ರೇಡಿಯೇಟರ್ ಹಗುರವೂ ಹೌದು, ಎಂಜಿನ್ನನ್ನು ಚೆನ್ನಾಗಿ ತಂಪಾಗಿಡುವುದೂ ಹೌದು. ನನ್ನ ತಕರಾರು ಲೋಹದ ಮೇಲಲ್ಲ. ರಿಪೇರಿಗೆ ಒಗ್ಗದ ವಸ್ತುವನ್ನು ಪ್ರಗತಿಯೆಂದು ಮಾರುವ ಬುದ್ಧಿಯ ಮೇಲೆ.

ಹಿತ್ತಾಳೆಯ ಟ್ಯಾಂಕನ್ನು ಬೆಂಕಿ ತೋರಿಸಿ ಬಿಚ್ಚಬಹುದು, ಕೊಳವೆಗಳೊಳಗೆ ಸಲಾಕೆ ಆಡಿಸಿ ಗಸಿ ತೆಗೆಯಬಹುದು, ಟ್ಯಾಂಕುಗಳನ್ನು ಉಳಿಸಿಕೊಂಡು ಹೊಸ ಕೋರ್ ಹಾಕಿಸಬಹುದು. ಬೆಸುಗೆ ಬಲ್ಲ ಒಬ್ಬ ಕೆಲಸಗಾರ ಊರಿನಲ್ಲಿದ್ದರೆ ಸಾಕು. ಪ್ಲಾಸ್ಟಿಕ್ ಟ್ಯಾಂಕನ್ನಾದರೋ ರಬ್ಬರ್ ಪಟ್ಟಿಯ ಮೇಲೆ ಕೂರಿಸಿ, ಅಂಚು ಮಡಿಸಿ ಬಿಗಿದಿರುತ್ತಾರೆ. ಅದು ಬಿರಿದರೆ ಬೆಸುಗೆ ಹಿಡಿಯದು.

"ಹೊಸದೇ ಅಗ್ಗವಲ್ಲವೇ?" ಎನ್ನುವಿರಿ. ಮೂರು ವಾರದ ಬಾಡಿಗೆ, ಹೆಡ್ಡಿನ ಕೆಲಸ, ಘಾಟಿಯಿಂದ ಎಳೆದು ತಂದ ಖರ್ಚು ಇವನ್ನೂ ಕೂಡಿಸಿ ಹೇಳಿ. ಬಿಲ್ಲಿನಲ್ಲಿ ಕಾಣುವುದು ಮಾತ್ರ ಬೆಲೆಯಲ್ಲ.

ಹಳೆಯ ಗಾಡಿ ಇಟ್ಟುಕೊಂಡವರು ಮೊದಲು ದೋಷ ರೇಡಿಯೇಟರಿನದೇ ಎಂದು ಖಚಿತಪಡಿಸಿಕೊಳ್ಳಿ. ಸಡಿಲವಾದ ಫ್ಯಾನ್ ಬೆಲ್ಟ್, ಕೆಟ್ಟ ಥರ್ಮೋಸ್ಟಾಟ್, ರೆಕ್ಕೆಗಳಲ್ಲಿ ಮೆತ್ತಿದ ಕೆಸರು ಕೂಡ ಎಂಜಿನ್ ಕಾಯಿಸುತ್ತವೆ. ಬದಲಿಸಲೇಬೇಕಾದರೆ ಹೊರಚೌಕಟ್ಟನ್ನಲ್ಲ, ಕೋರಿನ ಎತ್ತರ, ಅಗಲ, ದಪ್ಪಗಳನ್ನು ಅಳೆಯಿರಿ. ಕೊಳವೆಗಳ ಸಾಲು ಎಣಿಸಿ. ಮೂರು ಸಾಲಿದ್ದಲ್ಲಿಗೆ ಎರಡು ಸಾಲಿನ ಅಗ್ಗದ ಹಿತ್ತಾಳೆಯದನ್ನು ಒಪ್ಪಬೇಡಿ. ಮುಚ್ಚಳವನ್ನು ಹಗುರವಾಗಿ ಕಾಣಬೇಡಿ: ಅದು 1 ಬಾರ್ ಒತ್ತಡ ಹಿಡಿದಿಟ್ಟರೆ ನೀರು 100 ಡಿಗ್ರಿಗಲ್ಲ, ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಬಿಸಿಯಿದ್ದಾಗ ಅದನ್ನು ತೆರೆಯಲೇಬಾರದು. ಕೊಳವೆಬಾವಿಯ ಗಡಸು ನೀರು ಸುರಿದರೆ ಯಾವ ಲೋಹವೂ ಬಾಳದು.

ನನ್ನ ತಮ್ಮ ಈಗ ಗುಜರಿಯಲ್ಲೇ ಹುಡುಕಿ ಒಂದು ಹಳೆಯ ಹಿತ್ತಾಳೆಯ ರೇಡಿಯೇಟರ್ ತಂದು ಹೊಸ ಕೋರ್ ಹಾಕಿಸಿದ್ದಾನೆ. ಮಾರಿದ ಬೆಲೆಗೆ ಅದು ಸಿಗಲಿಲ್ಲವೆಂಬುದನ್ನು ಬೇರೆ ಹೇಳಬೇಕಿಲ್ಲ.