ಮರಿಹಾವಿಗೆ ಎಷ್ಟು ದೊಡ್ಡ ಮನೆ?



ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಓದಿದವಳು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಶಿರಸಿ ಕಡೆಯ ಸೋದರಿಯೊಬ್ಬರದು. ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಹತ್ತು ವರ್ಷದ ಮೊಮ್ಮಗ ಹಟ ಹಿಡಿದು ಕಾರ್ನ್ ಸ್ನೇಕ್ ಎಂಬ ಹಾವಿನ ಮರಿ ತರಿಸಿಕೊಂಡಿದ್ದಾನೆ. ಅಳಿಯಂದಿರು ಧಾರಾಳವಾಗಿ ನಾಲ್ಕು ಅಡಿ ಉದ್ದದ ಗಾಜಿನ ಪೆಟ್ಟಿಗೆಯನ್ನೇ ತಂದಿಟ್ಟರಂತೆ. ಮರಿ ಬಂದು ಮೂರು ವಾರವಾದರೂ ಆಹಾರ ಮುಟ್ಟಿಲ್ಲ. "ಪೆಟ್ಟಿಗೆ ದೊಡ್ಡದಾಯಿತು, ಚಿಕ್ಕ ಡಬ್ಬಿಗೆ ಹಾಕಿ" ಎಂದು ಮಗಳಿಗೆ ಯಾರೋ ಹೇಳಿದ್ದಾರೆ. "ಬದುಕಿರೋ ಪ್ರಾಣೀನ ಡಬ್ಬೀಲಿ ಮುಚ್ಚಿಡೋದಾ?" ಎಂದು ಅಳಿಯ. ಗಂಡಹೆಂಡಿರಿಗೆ ಜಗಳ, ಹುಡುಗನಿಗೆ ಅಳು. "ಮುಂದಿನ ತಿಂಗಳು ಆರು ತಿಂಗಳ ಮಟ್ಟಿಗೆ ಹೋಗ್ತಾ ಇದ್ದೇನೆ. ಹಗಲೆಲ್ಲ ಮನೆಯಲ್ಲಿ ನಾನು, ಮೂರು ವರ್ಷದ ಮೊಮ್ಮಗಳು ಮತ್ತೆ ಅದು! ಚಿಕ್ಕ ಮನೆಯೋ ದೊಡ್ಡ ಮನೆಯೋ ನೀವೇ ಹೇಳಿ" ಎಂದು ಬರೆದಿದ್ದಾರೆ.

ಅಯ್ಯೋ ಹಾವೇ ಎಂದು ಪುಟ ಮಗುಚಬೇಡಿ. ಇದು ವಿಷದ ಹಾವಲ್ಲ. ನಮ್ಮ ಗದ್ದೆ ಬದುವಿನ ಕೇರೆ ಹಾವಿಗೆ ದೂರದ ನೆಂಟ ಎನ್ನಬಹುದು. ಅದರಂತೆ ಇಲಿ ಹಿಡಿದು ಬದುಕುವಂಥದು. ಅಮೆರಿಕದ ಆಗ್ನೇಯ ಭಾಗ ಅದರ ತವರು. ಹೊಟ್ಟೆಯ ಚೌಕುಳಿ ಬಣ್ಣದ ಜೋಳದ ತೆನೆಯಂತೆ ಕಾಣುವುದರಿಂದ ಆ ಹೆಸರು ಎನ್ನುವವರಿದ್ದಾರೆ, ಜೋಳದ ಕಣಜಕ್ಕೆ ಇಲಿ ಹುಡುಕಿ ಬರುತ್ತಿದ್ದುದರಿಂದ ಎನ್ನುವವರೂ ಇದ್ದಾರೆ. ಅಲ್ಲಿ ನಾವು ಗಿಳಿ ಸಾಕುತ್ತಿದ್ದಷ್ಟು ಸಹಜವಾಗಿ ಇದನ್ನು ಸಾಕುತ್ತಾರೆ. ಹಾಗೆಂದು ಇದನ್ನು ಓದಿ ನಿಮ್ಮ ಮಕ್ಕಳು ಹಿತ್ತಲ ಕೇರೆ ಹಾವಿನ ಮರಿಯನ್ನು ಬಾಟಲಿಗೆ ತುಂಬಿಕೊಂಡು ಬಂದಾರು, ಜೋಕೆ! ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ಕಾಡಿನ, ಹೊಲದ ಹಾವುಗಳನ್ನು ಹಿಡಿದು ಸಾಕುವಂತಿಲ್ಲ.

ಇನ್ನು ಪ್ರಶ್ನೆಗೆ ಬರೋಣ. ಸೋದರಿ, ನಿಮ್ಮ ಮಗಳು ಹೇಳುವುದರಲ್ಲೂ ನಿಜವಿದೆ, ಅಳಿಯಂದಿರು ಹೇಳುವುದರಲ್ಲೂ ನಿಜವಿದೆ. ಇಬ್ಬರೂ ನೋಡದೆ ಬಿಟ್ಟದ್ದು ಪೆಟ್ಟಿಗೆಯ ಒಳಗನ್ನು. ಮೊಟ್ಟೆಯೊಡೆದು ಬಂದ ಮರಿ ಎಂಟರಿಂದ ಹನ್ನೆರಡು ಅಂಗುಲ ಉದ್ದ, ಪೆನ್ಸಿಲಿನಷ್ಟು ದಪ್ಪ. ಕಾಗೆ, ಹದ್ದು, ಬೆಕ್ಕು ಎಲ್ಲಕ್ಕೂ ಅದು ತುತ್ತು. ತರಗೆಲೆಯಡಿ, ತೊಗಟೆಯ ಸಂದಿನಲ್ಲಿ ಅಡಗಿದರಷ್ಟೇ ಉಳಿಯುವ ಜೀವ ಅದು. ಅಂಥದನ್ನು ನಾಲ್ಕು ಅಡಿಯ ಬೋಳು ಗಾಜಿನೊಳಗೆ ಬಿಟ್ಟು, ದಿನಕ್ಕೆ ಹತ್ತು ಸಲ ಬಗ್ಗಿ ನೋಡಿದರೆ ಹೇಗಾಗಬೇಡ? ಹೊಸದಾಗಿ ಬಂದ ಸೊಸೆಯನ್ನು ಮದುವೆ ಛತ್ರದ ನಡುವೆ ಒಬ್ಬಳನ್ನೇ ಕೂರಿಸಿ ಊಟ ಬಡಿಸಿದ ಹಾಗೆ. ತುತ್ತು ಇಳಿಯುತ್ತದೆಯೇ?

ಚಿಕ್ಕ ಡಬ್ಬಿಗೆ ಹಾಕಿದರೆ ಮರಿ ತಿನ್ನತೊಡಗುವುದೂ ಇದಕ್ಕೇ, ನಾಲ್ಕು ಕಡೆಯೂ ಆಸರೆ ಸಿಕ್ಕಿತಲ್ಲ! ಆದರೆ ತೀರ ಚಿಕ್ಕದರಲ್ಲಿ ಬೇರೆಯೇ ತೊಂದರೆ. ಹಾವಿಗೆ ತನ್ನದೇ ಮೈಬಿಸಿ ಇಲ್ಲ. ಚಳಿಯಾದರೆ ಬೆಚ್ಚನೆಯ ಮೂಲೆಗೆ, ಸೆಕೆಯಾದರೆ ತಣ್ಣನೆಯ ಮೂಲೆಗೆ ತಾನೇ ಸರಿಯಬೇಕು. ಬಚ್ಚಲೊಲೆಯ ಮುಂದೆ ಕೂತವರು ಕಾವು ಹೆಚ್ಚಾದರೆ ಹಿಂದೆ ಸರಿಯುವುದಿಲ್ಲವೇ, ಹಾಗೆ. ಒಂದು ತುದಿ 85ರಿಂದ 88 ಡಿಗ್ರಿ ಫ್ಯಾರನ್‌ಹೀಟ್, ಇನ್ನೊಂದು ತುದಿ 75ರ ಸುಮಾರು ಇರಬೇಕು. ಅಂಗೈಯಗಲದ ಡಬ್ಬಿಯಲ್ಲಿ ಎರಡು ತುದಿಗೂ ಒಂದೇ ಕಾವು. ಸರಿಯಲು ಜಾಗವೆಲ್ಲಿ?

ಅಂಗಡಿಯವರು ಪೆಟ್ಟಿಗೆಯನ್ನು ಗ್ಯಾಲನ್ನಿನಲ್ಲಿ ಹೇಳುತ್ತಾರೆ. ಅದು ಮೀನಿನ ತೊಟ್ಟಿಯ ನೀರಿನ ಲೆಕ್ಕ, ಹಾವಿಗೆ ಬೇಕಾದ್ದು ನೆಲದ ಲೆಕ್ಕ. ಟೇಪು ಹಿಡಿದು ಅಳೆಯಿರಿ. 10 ಗ್ಯಾಲನ್ ಎಂಬುದು 20 ಅಂಗುಲ ಉದ್ದ, 10 ಅಂಗುಲ ಅಗಲ. ಮರಿಗೆ ಮೊದಲ ಕೆಲವು ತಿಂಗಳಿಗೆ ಅಷ್ಟು ಸಾಕು. ಉದ್ದನೆಯ 20 ಗ್ಯಾಲನ್ನಿನದು 30 ಅಂಗುಲ ಉದ್ದ, ಒಂದಡಿ ಅಗಲ. ಹಾವು ಎರಡೂವರೆ ಅಡಿಯಾಗುವ ತನಕ ನಡೆಯುತ್ತದೆ. ಹಾವಿನ ಉದ್ದಕ್ಕಿಂತ ಪೆಟ್ಟಿಗೆಯ ಉದ್ದ ಕಡಿಮೆಯಾಗದ ಹಾಗೆ ನೋಡಿಕೊಂಡರಾಯಿತು. ಹಾವು ಯಾವಾಗಲೂ ಸುತ್ತಿಕೊಂಡೇ ಬಿದ್ದಿರುತ್ತದೆ, ಅದಕ್ಕೇಕೆ ಜಾಗ ಎಂದು ಹಿಂದೆ ಹೇಳುತ್ತಿದ್ದರು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಾಕಿದ ಹಾವುಗಳನ್ನು ಒಂದೊಂದು ಗಂಟೆ ನೋಡುತ್ತ ಕೂತರೆ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹಾವುಗಳು ಅಷ್ಟರೊಳಗೇ ಮೈ ನೀಳವಾಗಿ ಚಾಚಿದವಂತೆ. ನಮಗಾದರೂ ಕಾಲು ಚಾಚದೆ ನಿದ್ದೆ ಬರುತ್ತದೆಯೇ? ಅಂದಹಾಗೆ, ಅಳತೆಗೆಂದು ಬಿಟ್ಟ ಪೊರೆಯನ್ನು ಹಿಡಿಯಬೇಡಿ. ಅದು ಹಿಗ್ಗಿ, ಹಾವಿಗಿಂತ ಉದ್ದವಾಗಿರುತ್ತದೆ.

ಹಾಗಾದರೆ ತಂದಿಟ್ಟ ದೊಡ್ಡ ಪೆಟ್ಟಿಗೆ ದಂಡವಾಯಿತೇ? ಖಂಡಿತ ಇಲ್ಲ. ಅದರ ಒಳಗನ್ನು ತುಂಬಿಸಿ. ದುಡ್ಡು ಕೊಟ್ಟು ಪ್ಲಾಸ್ಟಿಕ್ಕಿನ ಗುಹೆ ತರಬೇಕಿಲ್ಲ. ಚಟ್ನಿಗೆ ಕಾಯಿ ತುರಿದ ಮೇಲೆ ಉಳಿಯುತ್ತದಲ್ಲ ಕರಟ, ಅದಕ್ಕಿಂತ ಒಳ್ಳೆಯ ಮನೆ ಮರಿಹಾವಿಗಿಲ್ಲ. ಒಳಗಿನ ಕಾಯಿಯನ್ನು ಪೂರ್ತಿ ಹೆರೆದು ತೆಗೆಯಿರಿ, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಕುದಿಯುವ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಅಂಚಿನಲ್ಲಿ ಹೆಬ್ಬೆರಳು ತೂರುವಷ್ಟು ಬಾಗಿಲು ಒಡೆದು, ಚೂಪು ಉಳಿಯದಂತೆ ಉಜ್ಜಿ ಕವುಚಿಡಿ. ಎರಡು ಕರಟ ಬೇಕು: ಬೆಚ್ಚನೆ ಕಡೆಗೊಂದು, ತಣ್ಣನೆ ಕಡೆಗೊಂದು. ಒಂದೇ ಇಟ್ಟರೆ ಅಡಗುವುದೋ ಕಾವು ನೋಡಿಕೊಳ್ಳುವುದೋ, ಎರಡರಲ್ಲಿ ಒಂದನ್ನು ಮರಿ ಬಿಡಬೇಕಾಗುತ್ತದೆ. ಸುತ್ತಿಕೊಂಡಾಗ ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟೇ ಅದಕ್ಕೆ ಹಿತ. ನಡುವಿನ ಬಯಲಿಗೆ ಕಾಗದದ ಕೊಳವೆ, ಒಣ ಎಲೆ, ಪ್ಲಾಸ್ಟಿಕ್ ಬಳ್ಳಿ ತುಂಬಿರಿ. ಗಾಜಿನ ಮೂರು ಬದಿಗೆ ಹೊರಗಿನಿಂದ ಕಾಗದ ಅಂಟಿಸಿ. ಕರಟ ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ, ತೆಂಗಿನಕಾಯಿ ಅಲ್ಲೇ ಸಿಗುತ್ತದೆ.

ಇಷ್ಟು ಮಾಡಿ ಒಂದು ವಾರ ಯಾರೂ ಮುಟ್ಟಕೂಡದು, ಮೊಮ್ಮಗನೂ ಅಷ್ಟೇ. ಆಮೇಲೆ ಸಂಜೆ ಕತ್ತಲಲ್ಲಿ ಆಹಾರವಿಟ್ಟು ಎದ್ದು ಬನ್ನಿ. ಆಗಲೂ ಮುಟ್ಟದಿದ್ದರೆ, ಅಥವಾ ಈಗಲೇ ಮೈ ಸೊರಗಿದ್ದರೆ, ತಡಮಾಡದೆ ಹಾವುಗಳನ್ನು ನೋಡುವ ಪಶುವೈದ್ಯರ ಬಳಿ ಒಯ್ಯಲಿ. ಮೂರು ವಾರದ ಉಪವಾಸ ದೊಡ್ಡ ಹಾವಿಗೆ ಲೆಕ್ಕವಿಲ್ಲ, ಮರಿಗೆ ಹಾಗಲ್ಲ. ಪಾಪ ಎಂದು ಹಾಲನ್ನಂತೂ ಇಡಬೇಡಿ ಅಮ್ಮಾ, ಪಂಚಮಿಯ ಅಭ್ಯಾಸ ಅಲ್ಲಿ ಬೇಡ. ಹಾಲು ಹಾವಿನ ಆಹಾರವಲ್ಲ, ಅದಕ್ಕೆ ಜೀರ್ಣವೂ ಆಗುವುದಿಲ್ಲ.

ಕಾವು ಕೊಡುವ ಹಾಸಿಗೆ ಥರ್ಮೊಸ್ಟಾಟ್ ಇದೆಯೇ ಎಂದು ಮಗಳನ್ನು ಕೇಳಿ, ಇಲ್ಲದಿದ್ದರೆ ಹಾವಿನ ಹೊಟ್ಟೆ ಸುಟ್ಟೀತು. ಪೆಟ್ಟಿಗೆಗೆ ಬಿಸಿಲು ನೇರವಾಗಿ ಬೀಳಕೂಡದು. ಮುಚ್ಚಳಕ್ಕೆ ಚಿಲಕವಿರಲಿ, ಪೆನ್ಸಿಲ್ ತೂರುವ ಸಂದು ಸಾಕು, ಮರಿ ಹೊರಗೆ!

ನಿಮ್ಮ ಮಗಳಿಗೆ ಒಂದು ಮಾತು. ಕಾರ್ನ್ ಸ್ನೇಕ್ 15ರಿಂದ 20 ವರ್ಷ ಬಾಳುತ್ತದೆ. ಹದಿನೆಂಟಕ್ಕೆ ಹುಡುಗ ಕಾಲೇಜಿಗೆ ಹೊರಟಾಗ ಹಾವಿಗೆ ಎಂಟೇ ವರ್ಷ. ಆಮೇಲೆ ನೀರು ಬದಲಿಸುವವರು, ತೊಳೆಯುವವರು ಯಾರು? ನಮಗೆಲ್ಲ ಗೊತ್ತಿದ್ದದ್ದೇ! ಬೆಳೆದ ಹಾವು ಮೂರರಿಂದ ಐದು ಅಡಿ. ಅದಕ್ಕೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಮನೆಯಾದರೂ ಬೇಕು, ಉದ್ದ ಬೆಳೆದರೆ ಇನ್ನೂ ದೊಡ್ಡದು. ಒಂಟಿ ಮಂಚದ ಅರ್ಧಕ್ಕೆ ಸಮೀಪದ ಜಾಗ ಅದು. ಎಲ್ಲಿಡುವುದೆಂದು ಅಳಿಯಂದಿರೂ ಮೊಮ್ಮಗನೂ ಅಲ್ಲ, ದಿನವೂ ಗುಡಿಸಿ ಒರೆಸುವ ಮಗಳು ಹೇಳಲಿ. ಆಹಾರದ ಇಲಿಮರಿಗಳು ಹೆಪ್ಪುಗಟ್ಟಿಸಿ ಬರುತ್ತವೆ. ನಿಮ್ಮ ಹಪ್ಪಳ, ತೊಗರಿ ಪುಡಿಯ ಪಕ್ಕದಲ್ಲಿ ಅವು ಬೇಡವೆನ್ನಲು ನಿಮಗೂ ಹಕ್ಕುಂಟು, ಬೇರೆ ಪುಟ್ಟ ಫ್ರೀಜರ್ ತರಿಸಿ.

ಮೂರು ವರ್ಷದ ಕೂಸು ಮಾತ್ರ ಹಾವನ್ನಾಗಲಿ ಪೆಟ್ಟಿಗೆಯನ್ನಾಗಲಿ ಮುಟ್ಟಕೂಡದು. ಹಾವಿನ ಮೈಮೇಲೆ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳನ್ನು ದೂರವಿಡಿ ಎಂದೇ ಅಲ್ಲಿನ ಆರೋಗ್ಯ ಇಲಾಖೆಯ ಸಲಹೆ. ದೊಡ್ಡವರೂ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ, ನೀರಿನ ಬೋಗುಣಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವುದು ಬೇಡ.

ನೀವು ವಿಮಾನ ಹತ್ತುವ ತನಕ ಕಾಯಬೇಡಿ. ಈ ಸಂಚಿಕೆ ಕೈಸೇರಿದ ದಿನವೇ ಮಗಳಿಗೆ ಫೋನು ಮಾಡಿ, ಕರಟದ ವಿಷಯ ಹೇಳಿ. ಮರಿ ತಿಂದಿತೋ ಇಲ್ಲವೋ, ನನಗೂ ಒಂದು ಸಾಲು ಬರೆಯಿರಿ.