ಗಣಕ ಶಿಕ್ಷಣದಲ್ಲಿ ಕಾಯಕ ಮತ್ತು ದಾಸೋಹ

ವಿದ್ಯುತ್ ವಿತರಣೆಯನ್ನು ಗ್ರಾಮಸ್ಥರೇ ನಡೆಸಬಲ್ಲರೆಂಬುದನ್ನು 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ತೋರಿಸಿಕೊಟ್ಟಿತು. ಗಣಕಯಂತ್ರದ ಕ್ಷೇತ್ರದಲ್ಲಿ ಇಂಥದೇ ಸಹಕಾರದ ಫಲವು ಮುಕ್ತ ತಂತ್ರಾಂಶ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ನರು ಸಾರಿದ ಗ್ನೂ ಯೋಜನೆ, 1991ರಲ್ಲಿ ಲಿನಸ್ ಟೋರ್ವಾಲ್ಡ್ಸರು ಹೊರತಂದ ಲಿನಕ್ಸ್, ಇವೆರಡರ ಮೂಲಸಂಕೇತವೂ ಸರ್ವರಿಗೂ ತೆರೆದದ್ದು.

ಒಂದೇ ಮೂಲಸಂಕೇತವನ್ನು ಲಿನಕ್ಸಿಗೆ ಬೇರೆಯಾಗಿ, ವಿಂಡೋಸಿಗೆ ಬೇರೆಯಾಗಿ ಕಂಪೈಲ್ ಮಾಡಬೇಕಾಗುತ್ತದೆ. ಅಗತ್ಯವಾದ ಒಂದು ಪೂರಕ ಕಡತವಿಲ್ಲದಿದ್ದರೂ ಕಾರ್ಯ ನಿಲ್ಲುತ್ತದೆ. ಸಿದ್ಧ ತಂತ್ರಾಂಶವನ್ನು ಅಳವಡಿಸುವುದೇ ಸುಲಭವೆಂಬ ಮಾತು ನಿಜ. ಆದರೆ ದೋಷಸೂಚನೆಯನ್ನು ಓದಿ, ಕಾರಣವನ್ನರಸಿ, ತಿದ್ದಿದ ವಿದ್ಯಾರ್ಥಿಗೆ ದೊರೆಯುವ ಅರಿವು ಅದರಿಂದ ಲಭಿಸದು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಶಾಲೆಗಳು ವಾರಕ್ಕೊಂದು ತಾಸನ್ನಾದರೂ ಈ ಅಭ್ಯಾಸಕ್ಕೆ ಮೀಸಲಿಡಬೇಕು. ಶ್ರಮಿಸಿ ಕಲಿಯುವುದು ಕಾಯಕ. ಕಲಿತುದನ್ನು ಹಂಚುವುದು ದಾಸೋಹ.